ಲಿಂಗ ಮರೆತು ಹಿಂದೂಪುರಕ್ಕೆ

ನಮ್ಮದು ತಿಪಟೂರು ಸೀಮೆಯ ಶೆಟ್ಟಿಕೆರೆ ಕಡೆಯ ತೆಂಗಿನ ತೋಟದ ಮನೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಹೆಣ್ಣುಮಗಳಿಗೆ ಬೆಂಗಳೂರೇ ಪರದೇಶ. ಟೀಚರ್ ಟ್ರೈನಿಂಗ್‌ಗೆಂದು ಹಾಸ್ಟೆಲಿಗೆ ಕಳಿಸುವಾಗ ಅವ್ವ ಹೇಳಿದ್ದು ಒಂದೇ ಮಾತು: “ಪೂಜೆ ಮಾಡ್ದೆ ಬಾಯಿಗೆ ತುತ್ತು ಇಡಬ್ಯಾಡ ಕಣೇ.” ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಒಂದು ಶನಿವಾರ ಕ್ಲಾಸು ಬೇಗ ಮುಗಿಯಿತು. ನನ್ನ ರೂಮಿನ ಗೆಳತಿ ಆಂಧ್ರದ ಹಿಂದೂಪುರದವಳು, ಮನೆಯಲ್ಲಿ ಕನ್ನಡವೂ ನಡೆಯುತ್ತಿತ್ತು. “ಏಳೇ, ನಮ್ಮೂರಿಗೆ ಹೋಗೋಣ. ನಾಳೆ ಸಾಯಂಕಾಲ ವಾಪಸ್ಸು,” ಎಂದಳು.

“ಈಗಲೇ?”

“ಇಲ್ಲ, ನಿನ್ನ ಮದುವೆ ಆದ್ಮೇಲೆ! ರೈಲು ಕಾಯುತ್ತಾ?”

ಒಬ್ಬರ ಮನೆಗೆ ಬರಿಗೈಲಿ ಹೋಗುವುದು ನಮ್ಮ ಕಡೆ ಇಲ್ಲ. ಊರಿಂದ ತಂದಿದ್ದ ಎರಡು ತೆಂಗಿನಕಾಯಿಗಳನ್ನು ಟ್ರಂಕಿನ ತಳದಿಂದ ಎಳೆದು, ಚೀಲಕ್ಕೆ ಹಾಕಿಕೊಂಡು ಓಡಿದೆ. “ತಿಪಟೂರು ಸೀಮೆಯೋರು ಕೈಲಾಸಕ್ಕೆ ಹೋದ್ರೂ ಕಾಯಿ ಹೊತ್ಕೊಂಡೇ ಹೋಗ್ತೀರ,” ಎಂದು ದಾರಿಯುದ್ದಕ್ಕೂ ನಕ್ಕಳು.

ಗೌರಿಬಿದನೂರು ದಾಟಿ ಸ್ವಲ್ಪ ಹೊತ್ತಿಗೆ ಸ್ಟೇಷನ್ ಬೋರ್ಡಿನ ಅಕ್ಷರ ಬದಲಾಯಿತು. ಗಡಿಯೆಂದರೆ ಗೇಟು, ಪೊಲೀಸು ಏನಾದರೂ ಇರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಅದೇ ಕಲ್ಲುಗುಡ್ಡ, ಅದೇ ಕಡಲೆಕಾಯಿ ಹೊಲ. ಖುಷಿಗೆ “ಶಿವನೇ” ಎಂದು ಎದೆಯ ಮೇಲೆ ಕೈಯಿಟ್ಟೆ. ಕೈಗೆ ಏನೂ ಸಿಗಲಿಲ್ಲ.

ಬೆಳಗ್ಗೆ ಶಿವದಾರ ಕಿತ್ತುಹೋಗಿತ್ತು. ಹೊಸ ದಾರ ಹೊಸೆದು ಕಟ್ಟಿಕೊಳ್ಳೋಣವೆಂದು ಲಿಂಗವನ್ನು ವಿಭೂತಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಕಾಯಿ ನೆನಪಾಗಿತ್ತು, ಲಿಂಗ ನೆನಪಾಗಿರಲಿಲ್ಲ. ಆಮೇಲೆ ಕಿಟಕಿಯಾಚೆ ಏನಿತ್ತೋ ನನಗೆ ಗೊತ್ತಿಲ್ಲ.

ಗೆಳತಿಯ ಅಜ್ಜಿ ನಮ್ಮನ್ನು ಕಂಡವರೇ ಒಲೆ ಹಚ್ಚಿದರು. ಶನಿವಾರವಾದ್ದರಿಂದ ಬರೀ ಬೇಳೆಸಾರು, ಅನ್ನ. ಮಾಂಸದಡಿಗೆ ಇರಲಿಲ್ಲವಲ್ಲ, ಅಷ್ಟು ಮಟ್ಟಿಗೆ ಶಿವ ಕಾಪಾಡಿದ. ಎಲೆ ಹಾಕಿದಾಗ ಹಸಿವಿಲ್ಲ ಎಂದೆ.

“ಹಂಗಾದ್ರೆ ನಂಗೂ ಇಲ್ಲ ಬಿಡಮ್ಮ,” ಎಂದು ಅಜ್ಜಿ ತಮ್ಮ ಎಲೆ ಮಡಿಸಿಟ್ಟರು.

ಗೆಳತಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. “ಅಜ್ಜಿಗೆ ಶನಿವಾರ ಒಪ್ಪತ್ತು, ಬೆಳಗ್ಗಿಂದ ಉಪವಾಸ ಇದ್ದಾಳೆ ಕಣೇ. ಮನೆಗೆ ಬಂದೋರು ಉಣ್ಣದೆ ಅವಳು ಉಣ್ಣಲ್ಲ. ಏನಾಯ್ತು ನಿಂಗೆ?”

ಇದ್ದದ್ದು ಹೇಳಿದೆ. ಅವಳು ಹೋಗಿ ಅಜ್ಜಿಗೆ ಹೇಳಿದಳು. ಅಜ್ಜಿ ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. “ದೇವರ ವಿಷಯ, ಬಲವಂತ ಬೇಡ. ಬೆಳಗ್ಗೆ ಮೊದಲನೇ ರೈಲಿಗೆ ಹೋಗಮ್ಮ. ನಂದೇನು, ಒಂದು ರಾತ್ರಿ ತಾನೇ,” ಎಂದರು. ಒಂದು ಲೋಟ ನೀರು ಕುಡಿದು ಚಾಪೆ ಹಾಸತೊಡಗಿದರು.

ನನಗೆ ಅದನ್ನು ನೋಡಿಕೊಂಡು ಕೂರಲಾಗಲಿಲ್ಲ. ಕೈಕಾಲು ತೊಳೆದು ಅವರ ದೇವರ ಗೂಡಿನ ಮುಂದೆ ಕೂತೆ. ಬರಿಯ ಅಂಗೈ ನೋಡುತ್ತ ನಮಃ ಶಿವಾಯ ಎಂದೆ. ಎದ್ದು ಬಂದು, “ಬಡಿಸಿ ಅಜ್ಜಿ, ನೀವೂ ಕೂತ್ಕೊಳಿ,” ಎಂದೆ. ಮೊದಲ ತುತ್ತನ್ನು ನೀರು ಕುಡಿದು ನುಂಗಿದೆ. ಅವರು ಉಂಡು ಮುಗಿಸುವವರೆಗೂ ಅನ್ನ ಕಲಸುತ್ತ ಕೂತಿದ್ದೆ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕೊಬ್ಬರಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಲಿಂಗ ಬುಟ್ಟು ಉಂಡ್ಯಾ?”

“ಹ್ಞೂಂ.”

“ಆ ಯಮ್ಮ ಉಂಡ್ಲಾ?”

“ಉಂಡ್ರು.”

ಅವಳು ಮತ್ತೆ ಕೊಬ್ಬರಿಗೆ ಕೈ ಹಾಕಿದಳು. ಸಂಜೆ ನನ್ನ ಪೂಜೆಯಾದ ಮೇಲೆ ಬಿಸಿ ಮುದ್ದೆ ಬಡಿಸಿದಳು, ತುಪ್ಪ ಹಾಕಿದಳು. ತನಗೆ ತಟ್ಟೆ ಇಟ್ಟುಕೊಳ್ಳಲಿಲ್ಲ.

“ನೀನೂ ಉಣ್ಣವ್ವ,” ಎಂದೆ.

“ಅವತ್ತಿನ ನಿನ್ನ ಪಾಲಿನ ಉಪಾಸ ಒಂದು ಬಾಕಿ ಐತಲ್ಲ, ಅದು ನಂಗಿರ್ಲಿ. ನೀನು ಓದೋ ಹುಡುಗಿ, ಉಣ್ಣು.”

ಎಷ್ಟು ಗೋಗರೆದರೂ ಅವ್ವ ಜಗ್ಗಲಿಲ್ಲ. ನಾನು ಉಂಡೆ.