ತೂಗಾಡುವಾಗ ಬಿಗಿದ ಬೋಲ್ಟು

ಎರಡು ಸಾವಿರದ ಹದಿನೇಳನೆಯ ಇಸವಿ ಮಾರ್ಚ್ ತಿಂಗಳ ಒಂಬತ್ತನೆಯ ತಾರೀಖು, ಗುರುವಾರ, ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಅಂಟಿಕೊಂಡಿರುವ ಗ್ಯಾರೇಜಿನಲ್ಲಿ ಅಲ್ಲಿನ ಹೆಡ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನಾಲ್ಕು ಜನರ ಎದುರಿಗೆ ಒಂದು ಮಾತು ಆಡಿದ. "ಗಾಡೀಲಿ ಏನೂ ದೋಷ ಇಲ್ಲ ಸ್ವಾಮಿ. ದೋಷ ಇರೋದು ಓಡಿಸೋ ಕೈಯಲ್ಲಿ." ಆ ಮಾತು ಸುಳ್ಳು. ತಿಳಿದು ಆಡಿದ ಸುಳ್ಳೋ ತಿಳಿಯದೆ ಆಡಿದ್ದೋ ಎಂಬುದನ್ನು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ಆ ಒಂದು ಮಾತಿನಿಂದ ಒಬ್ಬ ಹೆಂಗಸಿನ ಕೈಯಿಂದ ಏನು ಜಾರಿಹೋಯಿತು, ಅದು ಹೇಗೆ ಮರಳಿ ಬಂತು ಎಂಬುದನ್ನು ನಡೆದದ್ದು ನಡೆದ ಹಾಗೆಯೇ ಹೇಳಬೇಕಾಗಿದೆ.

ಆಕೆಯನ್ನು ಬಲ್ಲವರೆಲ್ಲ ಸಾರಥಿಯಮ್ಮ ಎಂದೇ ಕರೆಯುತ್ತಾರೆ. ಅದು ಲೇವಡಿಗೆ ಇಟ್ಟ ಹೆಸರಲ್ಲ. ಇಪ್ಪತ್ತಮೂರನೆಯ ವಯಸ್ಸಿನಿಂದ ರಬ್ಬರ್ ಕಾರ್ಖಾನೆಯ ಕೆಲಸಗಾರರ ಬಸ್ಸನ್ನು ಓಡಿಸಿದವರು ಅವರು. ಮೊದಲ ದಿನ ಸ್ಟೇರಿಂಗಿನ ಹಿಂದೆ ಹೆಣ್ಣುಮಗಳನ್ನು ಕಂಡು ಬಸ್ಸಿನಿಂದ ಇಳಿದು ನಡೆದೇ ಹೋದ ಗಂಡಸರು, ತಿಂಗಳೊಪ್ಪತ್ತಿನಲ್ಲಿ ಅದೇ ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯತೊಡಗಿದರು. ನಿದ್ದೆ ಮಾಡದೆ ಕಣ್ಣಿಟ್ಟು ನೋಡುತ್ತಿದ್ದವರು ಒಬ್ಬರೇ. ಅಚ್ಚು ವಿಭಾಗದಲ್ಲಿ ರಬ್ಬರಿನ ವಾಷರು, ಬೂಟಿನ ಹಿಮ್ಮಡಿಗಳನ್ನು ಪರೀಕ್ಷಿಸಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುತ್ತಿದ್ದ ಹಿರಿಯ ಕೆಲಸಗಾರ್ತಿ. ಅವರು ಫ್ಲಾಸ್ಕಿನ ಮುಚ್ಚಳದ ತುಂಬ ಚಹಾ ಬಗ್ಗಿಸಿ ಕೈಯಲ್ಲಿ ಹಿಡಿದು ಕೂರುವರು. ತಿರುವಿನಲ್ಲಾಗಲಿ ನಿಲ್ದಾಣದಲ್ಲಾಗಲಿ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ವರ್ಷವಿಡೀ ಹೀಗೆ ನೋಡಿ, ಕೊನೆಗೆ ತಮ್ಮ ಹಿರಿಯ ಮಗನಿಗೆ ಆ ಹುಡುಗಿಯನ್ನೇ ಕೇಳಿದರು. "ಜನ ಮನೆತನ ನೋಡಿ ಸೊಸೆ ತರ್ತಾರೆ. ನಾನು ಬ್ರೇಕ್ ನೋಡಿ ತಂದೆ" ಎಂದು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು.

ಕಾರ್ಖಾನೆ ಮುಚ್ಚಿದ ಮೇಲೆ ಬಸ್ಸೂ ನಿಂತಿತು. ಸಾರಥಿಯಮ್ಮನ ಗಂಡ ಹೊಲಿಗೆ ಯಂತ್ರಗಳ ರಿಪೇರಿಯವರು. ಅವರಿಗೆ ಕೆಲಸ ಒಂದೇ ಊರಿನಲ್ಲಿ ಸಿಗುವಂಥದ್ದಲ್ಲ. ಒಂದೆಡೆ ಹೊಲಿಗೆ ಶಾಲೆ, ಮತ್ತೊಂದೆಡೆ ಸಿದ್ಧ ಉಡುಪಿನ ಘಟಕ, ಇನ್ನೊಂದೆಡೆ ಬೀದಿಗಿಬ್ಬರು ದರ್ಜಿಗಳು. ಹೀಗಾಗಿ ಅವರು ಒಂದು ಹಳೆಯ ಮನೆಗಾಡಿಯನ್ನು ಕೊಂಡರು. ಮುಂದೆ ವ್ಯಾನಿನ ಮೂತಿ. ಹಿಂದೆ ಎರಡು ಮಂಚ, ಒಂದು ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನೀರಿನ ಟ್ಯಾಂಕು. ಚಾಲಕನ ತಲೆಯ ಮೇಲೆ ಸಾಮಾನಿನ ಅಟ್ಟ. ಚಾಲಕರ ಸೀಟಿನ ಬೆನ್ನಿಗೇ ಅತ್ತೆಯವರ ಸೀಟು. ವರ್ಷದ ಅರ್ಧ ಭಾಗ ಅದೇ ಮನೆ. ಓಡಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಗಾಡಿಗೆ ವಯಸ್ಸಾದಂತೆ ಮುಂಭಾಗ ಕುಸಿಯಿತು. ಬ್ರೇಕ್ ಒತ್ತಿದರೆ ಮೂತಿ ನೆಲ ಮೂಸುವಂತೆ ಬಾಗುವುದು, ಹಳ್ಳ ದಿಣ್ಣೆ ಸಿಕ್ಕಿದಾಗ ಅಡಿಯಿಂದ ಲಟಕ್ಕೆಂಬ ಸದ್ದು, ನೇರ ರಸ್ತೆಯಲ್ಲೂ ಎಡಕ್ಕೆ ಬಲಕ್ಕೆ ಅಲೆದಾಟ. ಮೇಲೆ ಹೇಳಿದ ಗ್ಯಾರೇಜಿನವರು ಮುಂಚಕ್ರಗಳ ಬುಷ್ ಬದಲಾಯಿಸಿದರು. ಬುಷ್ ಎಂದರೆ, ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಗಾಡಿಯ ಅಡಿಕಟ್ಟಿಗೆ ಸೇರುವ ಜಾಗದಲ್ಲಿ ಕೂರುವ ರಬ್ಬರಿನ ಬಳೆ. ಅದು ಹರಿಯಿತು. ಮತ್ತೆ ಬದಲಾಯಿಸಿದರು; ಮತ್ತೆ ಹರಿಯಿತು. ಮೂರನೆಯ ಸಲ ಹಾಕಿಕೊಟ್ಟ ದಿನವೇ ಹೆಡ್ ಮೇಸ್ತ್ರಿ ಆ ಮಾತು ಆಡಿದ್ದು. ಸಾರಥಿಯಮ್ಮನಲ್ಲದೆ ಕೇಳಿದ ನಾಲ್ವರಲ್ಲಿ ಗಂಡ, ಅತ್ತೆ, ಮೈದುನ ಮೂವರು. ಇನ್ನೊಬ್ಬ ಟೈರಿಗೆ ಗಾಳಿ ಹಾಕಿಸಿಕೊಳ್ಳಲು ಬಂದಿದ್ದ ಅಪರಿಚಿತ. ಆ ಅಪರಿಚಿತ ನಕ್ಕ. ಅತ್ತೆಯವರು ಸೊಸೆಯತ್ತ ತಿರುಗಿದರು.

"ಸದ್ಯಕ್ಕೆ ಚಿಕ್ಕವನೇ ಓಡಿಸಲಿ ಬಿಡು."

ಮೈದುನ ಅಣ್ಣನಿಗೆ ಸಹಾಯಕ್ಕೆಂದು ಆ ವರ್ಷವಷ್ಟೇ ಬಂದು ಸೇರಿದ್ದ. ಮೊದಲು ಸಾಮಾನು ತಲುಪಿಸುವ ವ್ಯಾನು ಓಡಿಸುತ್ತಿದ್ದವನು. ಕೆಟ್ಟವನಲ್ಲ; ಆದರೆ ಬೀಗದ ಕೈ ಚಾಚಿದಾಗ ಬೇಡವೆನ್ನುವವನೂ ಅಲ್ಲ. ಸಾರಥಿಯಮ್ಮ ಕೀ ಕೊಟ್ಟು, ಹಿಂದೆ ಹೋಗಿ ತೊಟ್ಟಿಯ ಪಕ್ಕದ ಬೆಂಚಿನಲ್ಲಿ ಕುಳಿತರು. ಗ್ಯಾರೇಜಿನವನ ಮಾತು ಅವರಿಗೆ ನಾಟಿರಲಿಲ್ಲ. ಗ್ಯಾರೇಜಿನವರು ಏನೇನೋ ಹೇಳುತ್ತಾರೆ. ನಾಟಿದ್ದು ಬ್ರೇಕ್ ನೋಡಿ ತಮ್ಮನ್ನು ಆರಿಸಿಕೊಂಡವರ ಮಾತು.

ಮುಂದಿನ ಊರುಗಳಿಗೆಲ್ಲ ಮೈದುನನೇ ಓಡಿಸಿದ. ಬೆಂಚಿನಲ್ಲಿ ಕುಳಿತ ಸಾರಥಿಯಮ್ಮನ ಬಲಗಾಲು ಪ್ರತಿ ತಿರುವಿನಲ್ಲೂ ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಲಟಕ್ಕೆಂಬ ಸದ್ದು ಮೊದಲು ಕೆಲವು ದಿನ ಇರಲಿಲ್ಲ, ಆಮೇಲೆ ಬಂತು, ಆಮೇಲೆ ನಿಲ್ಲಲೇ ಇಲ್ಲ.

"ಈ ರಸ್ತೆ ನೋಡಿ ಅತ್ತಿಗೆ, ಹೊಂಡಾನೇ ಹೊಂಡ" ಎಂದ ಮೈದುನ ಒಂದು ದಿನ.

"ಹೌದಪ್ಪಾ. ನಾನು ಓಡಿಸಿದ್ರೆ ಕೈ ದೋಷ, ನೀನು ಓಡಿಸಿದ್ರೆ ರಸ್ತೆ ದೋಷ."

ಗಂಡ ಮುಂದಿನ ಸೀಟಿನಲ್ಲಿ ಕೆಮ್ಮಿದರು. ಅದು ನಗು ನುಂಗಿದ ಕೆಮ್ಮು. ಅತ್ತೆಯವರು ಮಾತ್ರ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಅವರ ಕೈಯ ಚಹಾ ಆಗಲೇ ಮಡಿಲಿಗೆ ಚೆಲ್ಲಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಹೊಲಿಗೆ ಶಾಲೆಯಲ್ಲಿ ಗಂಡನಿಗೆ ಬಹಳ ದಿನಗಳ ಕೆಲಸ ಸಿಕ್ಕಿತು. ಶಾಲೆಯ ಹಿಂದೆಯೇ ಲಾರಿ ಟೈರಿನ ಅಂಗಡಿ. ಅಂಗಳದಲ್ಲಿ ಗಾಡಿಗಳ ಅಡಿಗೆ ಇಳಿದು ಕೆಲಸ ಮಾಡಲು ತೋಡಿದ ಉದ್ದನೆಯ ಗುಂಡಿ. ಸಾರಥಿಯಮ್ಮ ಆ ಗುಂಡಿಯನ್ನು ಒಂದು ಸುತ್ತು ಬಂದು ನೋಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಮುಂಭಾಗ ಪೂರ್ತಿ ಬಿಚ್ತೀನಿ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್, ಎಲ್ಲ ಹೊಸದು. ಯಾರೂ ಅಡ್ಡ ಬರಬೇಡಿ."

"ನಿಂಗೆ ಬರುತ್ತೇನೇ ಅದೆಲ್ಲ?" ಎಂದರು ಅತ್ತೆ.

"ಬಸ್ಸಿನ ಅಡಿಗೆ ಎಷ್ಟು ಸಲ ಹೋಗಿದ್ದೀನಿ ಅಂತ ನಿಮಗೇನು ಗೊತ್ತು? ನೀವು ಮೇಲೆ ಚಹಾ ಕುಡೀತಿದ್ರಿ."

ಮೊದಲು ತೂಕ. ಹಳೆಯ ಸ್ಪ್ರಿಂಗುಗಳು ಖಾಲಿ ಗಾಡಿಯ ಲೆಕ್ಕಕ್ಕೆ ಮಾಡಿದವು. ಅದರೊಳಗೆ ಒಂದು ಸಂಸಾರ ಸೇರಿಕೊಂಡು ವರ್ಷಗಳಾಗಿದ್ದವು. ಗುಜರಿ ಅಂಗಡಿಯ ತೂಕದ ಕಟ್ಟೆಯ ಮೇಲೆ ಮುಂಚಕ್ರಗಳನ್ನಷ್ಟೇ ನಿಲ್ಲಿಸಿ, ಟ್ಯಾಂಕಿನಲ್ಲಿ ನೀರು ತುಂಬಿಸಿ, ಎಲ್ಲರೂ ಅವರವರ ಜಾಗದಲ್ಲೇ ಇರಬೇಕೆಂದು ಸಾರಥಿಯಮ್ಮ ಹಟ ಹಿಡಿದರು.

"ನನ್ನನ್ನೂ ಗುಜರಿಗೆ ತೂಗಿಸ್ತೀಯೇನೇ?" ಅತ್ತೆ ಕಿಟಕಿಯಿಂದ ಕೂಗಿದರು.

"ನಿಮಗೆ ಅವನು ಒಳ್ಳೆ ರೇಟು ಕೊಡಲ್ಲ ಅತ್ತೆ, ಸುಮ್ಮನೆ ಕೂತ್ಕೊಳ್ಳಿ."

ಬಂದ ತೂಕ ನೋಡಿ ಸಾರಥಿಯಮ್ಮನ ಹುಬ್ಬು ಗಂಟಾಯಿತು. ಬಾಗಿಲ ಚೌಕಟ್ಟಿನ ತಗಡಿನಲ್ಲಿ ಅಚ್ಚಾಗಿದ್ದ ಮಿತಿಯನ್ನು ಅದು ದಾಟಿತ್ತು. ಆಕೆ ಗಂಡನತ್ತ ತಿರುಗಿದರು. "ರೀ, ಅಟ್ಟದಲ್ಲಿ ಏನಿದೆ?"

"ಏನೋ ನಾಲ್ಕು ಬಿಡಿ ಸಾಮಾನು."

ಏಣಿ ಹಾಕಿ ನೋಡಿದರೆ, ಹಳೆಯ ಬಟ್ಟೆಗಳ ಹಿಂದೆ ಎರಕದ ಕಬ್ಬಿಣದ ಹೊಲಿಗೆ ಯಂತ್ರಗಳ ತಲೆಗಳು ಸಾಲಾಗಿ ಕುಳಿತಿದ್ದವು. ಕೆಟ್ಟ ಯಂತ್ರವನ್ನು ಎಸೆಯಲಾಗದ ಮನುಷ್ಯ, ಬಿಡಿಭಾಗಕ್ಕೆ ಆದೀತೆಂದು ಊರೂರಿನಿಂದ ತಂದು ಸೇರಿಸಿದ್ದರು. ಕೆಲವನ್ನು ಗುಜರಿಯವನಿಗೇ ಒಪ್ಪಿಸಿ, ಉಳಿದವನ್ನು ಹಿಂಚಕ್ರಗಳ ಮೇಲಿನ ಪೆಟ್ಟಿಗೆಗೆ ಸಾಗಿಸಿದ್ದಾಯಿತು. ಗಂಡ ಆ ದಿನವಿಡೀ ಮುಖ ಇಳಿಬಿಟ್ಟುಕೊಂಡಿದ್ದರು. ಮರಳಿ ತೂಗಿದಾಗ ಭಾರ ಮಿತಿಯ ಒಳಗೆ ಬಂತು. ಅದೇ ಭಾರಕ್ಕೆ ಹೊಂದುವ, ಹಳೆಯದಕ್ಕಿಂತ ದಪ್ಪ ತಂತಿಯ ಸ್ಪ್ರಿಂಗನ್ನು ಸಾರಥಿಯಮ್ಮ ತರಿಸಿದರು. ಸಿಗುವುದರಲ್ಲೆಲ್ಲ ಗಟ್ಟಿಯಾದದ್ದನ್ನೇ ಹಾಕೋಣ ಎಂದು ಮೈದುನ ವಾದಿಸಿದ. "ಗಟ್ಟಿ ಅಂತ ಬಂಡೆ ಮೇಲೆ ಮಲಗ್ತೀಯೇನಪ್ಪಾ?" ಎಂದು ಆಕೆ ಅವನ ಬಾಯಿ ಮುಚ್ಚಿಸಿದರು.

ಸಾಮಾನು ಬಂದ ಮೇಲೆ, ಅಡಿಕಟ್ಟಿನ ಕೆಳಗೆ ಗಟ್ಟಿ ಆಸರೆ ಕೊಟ್ಟು ಚಕ್ರಗಳನ್ನು ಕಳಚಿದರು. ಸ್ಪ್ರಿಂಗಿನ ಕೆಲಸ ಹುಡುಗಾಟವಲ್ಲ. ಸೆಟೆದು ಹಾರಿದರೆ ಜೀವ ತೆಗೆಯುತ್ತದೆ. ಅದನ್ನು ಅದುಮಿ ಹಿಡಿಯುವ ಕ್ಲಾಂಪು ಟೈರ್ ಅಂಗಡಿಯವರಲ್ಲಿತ್ತು, ಅದನ್ನು ಬಳಸಿದ್ದೂ ಅವರ ಕಣ್ಣೆದುರಿಗೇ. ಕೆಳಗಿನ ತೋಳು ಕಳಚಿ ಬಂದಾಗ ಬುಷ್ ಎರಡು ತುಂಡಾಗಿ ಕೈಗೆ ಬಂತು.

ನೆರಳಿನಲ್ಲಿ ಕುರ್ಚಿ ಹಾಕಿ ಕುಳಿತಿದ್ದ ಅತ್ತೆ ಕೈ ಚಾಚಿದರು. "ಕೊಡು ಇಲ್ಲಿ."

ಮೂವತ್ತು ವರ್ಷ ರಬ್ಬರನ್ನೇ ನೋಡಿದ ಕೈ ಅದು. ಮೂಸಿ ನೋಡಿದರು, ಉಗುರಿನಿಂದ ಒತ್ತಿದರು, ಹರಿದ ಅಂಚನ್ನು ಬೆಳಕಿಗೆ ಹಿಡಿದರು.

"ರಬ್ಬರು ಒಳ್ಳೇದೇ. ಇದು ಸವೆದದ್ದಲ್ಲ" ಎಂದರು ಕೊನೆಗೆ. "ಸವೆದಿದ್ರೆ ಮೈ ನುಣ್ಣಗಿರ್ತಿತ್ತು. ಪೆಟ್ಟು ಬಿದ್ದು ಹರಿದಿದ್ರೆ ನೇರ ಸೀಳ್ತಿತ್ತು. ಇದು ನೋಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ಓರೆ ಓರೆಯಾಗಿ ಹರಿದಿದೆ. ಇದನ್ನ ತಿರುಚಿಟ್ಟಿದ್ದಾರೆ."

"ಯಾರು ತಿರುಚ್ತಾರಮ್ಮಾ, ಒಳಗಿರೋದನ್ನ?" ಎಂದ ಮೈದುನ.

ಉತ್ತರ ಕೊಟ್ಟವರು ಸಾರಥಿಯಮ್ಮ. ಗಾಡಿಯನ್ನು ಜಾಕಿನ ಮೇಲೆ ಎತ್ತಿದಾಗ ಚಕ್ರ ಕೆಳಕ್ಕೆ ಜೋಲುತ್ತದೆ. ಅದರೊಡನೆ ತೋಳೂ ಬಾಗುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟನ್ನು ಬಿಗಿದುಬಿಟ್ಟರೆ ರಬ್ಬರು ಅದೇ ಕೋನಕ್ಕೆ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ತೋಳು ಮೇಲೇರಿ, ರಬ್ಬರು ಹಿಂಡಿದ ಬಟ್ಟೆಯಾಗುತ್ತದೆ. ಗಾಡಿ ಓಡಲಿ ನಿಲ್ಲಲಿ, ಹಿಂಡಿಕೊಂಡೇ ಇರುತ್ತದೆ. ಬೋಲ್ಟನ್ನು ಕೊನೆಯ ಸುತ್ತು ಬಿಗಿಯಬೇಕಾದದ್ದು ಗಾಡಿ ತನ್ನ ಕಾಲ ಮೇಲೆ ತಾನು ನಿಂತಾಗ. ಗ್ಯಾರೇಜಿನವರು ಮೂರು ಸಲವೂ ತೂಗಾಡುವಾಗಲೇ ಬಿಗಿದು ಕೈ ತೊಳೆದುಕೊಂಡಿದ್ದರು.

"ಅಂದ್ರೆ ನಿಂತಲ್ಲೇ ಹರೀತಿತ್ತು ಅನ್ನು" ಎಂದರು ಅತ್ತೆ.

"ರಾತ್ರಿ ನಾವು ಮಲಗಿದ್ದಾಗಲೂ."

ಅತ್ತೆ ಆ ಎರಡು ತುಂಡುಗಳನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿ ಇಟ್ಟುಕೊಂಡರು. ಆ ಸಂಜೆ ಸೊಸೆಗೆ ಚಹಾ ಮಾಡಿ ಅಂಗಳಕ್ಕೆ ತಂದುಕೊಟ್ಟವರು ಅವರೇ.

ಹೊಸ ಬುಷ್, ಹೊಸ ಸ್ಪ್ರಿಂಗ್, ದಪ್ಪನೆಯ ಶಾಕ್ ಅಬ್ಸಾರ್ಬರ್ ಎಲ್ಲವೂ ಕೂತವು. ತೋಳಿನ ಬೋಲ್ಟುಗಳನ್ನು ಮಾತ್ರ ಸಡಿಲವಾಗಿಯೇ ಬಿಟ್ಟು, ಚಕ್ರ ಹಾಕಿ, ಗಾಡಿಯನ್ನು ಮೆಲ್ಲಗೆ ಗುಂಡಿಯ ಮೇಲಕ್ಕೆ ತಳ್ಳಿ ನಿಲ್ಲಿಸಿ, ಮೂತಿಯನ್ನು ನಾಲ್ಕಾರು ಸಲ ಒತ್ತಿ ಕುಣಿಸಿದರು. ನೀರು ತುಂಬಿಸಿದರು. ಸಾರಥಿಯಮ್ಮ ಸ್ಪ್ಯಾನರ್ ಹಿಡಿದು ಗುಂಡಿಗಿಳಿದು, "ಎಲ್ಲರೂ ನಿಮ್ಮ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ" ಎಂದು ಕೆಳಗಿನಿಂದಲೇ ಕೂಗಿದರು. ಗಂಡ ಮುಂದಿನ ಸೀಟಿನಲ್ಲಿ, ಅತ್ತೆ ತಮ್ಮ ಸೀಟಿನಲ್ಲಿ. ಸ್ಟೇರಿಂಗಿನ ಹಿಂದಿನ ಸೀಟು ಖಾಲಿ ಉಳಿಯಿತು.

"ನಾನು ಕೂರ್ತೀನಿ ಅತ್ತಿಗೆ. ಈಗ ಓಡಿಸೋನು ನಾನೇ ತಾನೆ" ಎಂದು ಮೈದುನ ಏರಿ ಕುಳಿತ.

ಗುಂಡಿಯಿಂದ ಸ್ಪ್ಯಾನರ್ ಬೋಲ್ಟಿಗೆ ತಗುಲಿದ ಸದ್ದು ಬರಲಿಲ್ಲ.

"ಏಳೋ" ಎಂದರು ಅತ್ತೆ.

"ಯಾಕಮ್ಮಾ?"

"ಇಳಿದು ಗುಂಡಿಗೆ ಹೋಗು. ಸ್ಪ್ಯಾನರ್ ನೀನು ಹಿಡಿ, ಅವಳು ಮೇಲೆ ಬರಲಿ. ಇಲ್ಲಿ ಯಾರು ಕೂರ್ತಾರೋ ಅವರ ಭಾರಕ್ಕೆ ರಬ್ಬರು ಕಚ್ಚಬೇಕು."

"ಅತ್ತಿಗೇನೂ ನಾನೂ ಹೆಚ್ಚು ಕಡಿಮೆ ಒಂದೇ ತೂಕ."

"ತೂಕ ನಿನಗೂ ಇದೆಯಪ್ಪಾ. ಬ್ರೇಕ್ ಎಲ್ಲಿದೆ? ಇಳಿ."

ಇಲ್ಲಿ ಒಂದು ವಾಸ್ತವಾಂಶವನ್ನು ಮರೆಮಾಚುವುದು ತರವಲ್ಲ. ಅಷ್ಟು ದೊಡ್ಡ ಗಾಡಿಯಲ್ಲಿ ಒಬ್ಬರ ಬದಲು ಇನ್ನೊಬ್ಬರು ಕುಳಿತರೆ ಬುಷ್ಷಿನ ಕೋನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಅದು ಸಾರಥಿಯಮ್ಮನಿಗೆ ಗೊತ್ತಿತ್ತು, ಟೈರ್ ಅಂಗಡಿಯವರಿಗೆ ಗೊತ್ತಿತ್ತು, ರಬ್ಬರು ಬಲ್ಲ ಅತ್ತೆಯವರಿಗಂತೂ ಗೊತ್ತೇ ಇತ್ತು. ಆದರೂ ಸಾರಥಿಯಮ್ಮ ಗುಂಡಿಯಿಂದ ಹತ್ತಿ ಬಂದು, ಗ್ರೀಸು ಮೆತ್ತಿದ ಕೈಗಳಿಂದಲೇ ಸ್ಟೇರಿಂಗ್ ಹಿಡಿದು ಕುಳಿತರು.

"ಅತ್ತಿಗೆ, ಎಡಗಡೆದು ಮೊದಲಾ, ಬಲಗಡೆದಾ?" ಕೆಳಗಿನಿಂದ ಮೈದುನನ ದನಿ.

"ಯಾವುದಾದರೂ ಸರಿ. ಅರ್ಧಂಬರ್ಧ ಬಿಡಬೇಡ, ಅಷ್ಟೇ."

ಮರುದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ ಹೆದ್ದಾರಿಗೆ ಹಾಕಿದಾಗ ಗಾಡಿ ಗೆರೆ ಎಳೆದಂತೆ ಹೋಯಿತು. ರೈಲು ಹಳಿ ದಾಟಿದಾಗಲೂ ಅಡಿಯಿಂದ ಸದ್ದಿಲ್ಲ. ಅಂದಿನಿಂದ ಇದನ್ನು ಬರೆಯುತ್ತಿರುವ ದಿನದವರೆಗೂ ಆ ಬುಷ್ಷುಗಳು ಹರಿದಿಲ್ಲ, ಸ್ಟೇರಿಂಗ್ ಸಾರಥಿಯಮ್ಮನ ಕೈ ಬಿಟ್ಟಿಲ್ಲ. ಮುಂದೊಮ್ಮೆ ಆ ಪೆಟ್ರೋಲ್ ಬಂಕಿನ ದಾರಿಯಾಗಿ ಹೋಗುವಾಗ ಅತ್ತೆಯವರೇ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಹರಿದ ತುಂಡುಗಳನ್ನು ಹೆಡ್ ಮೇಸ್ತ್ರಿಯ ಮೇಜಿನ ಮೇಲೆ ಇಟ್ಟರು. ಅವನು ಅವನ್ನು ಮುಟ್ಟಿಯೂ ನೋಡದೆ, "ಆಗಿದ್ದು ಆಯ್ತು ಬಿಡಿ ಅಮ್ಮಾ, ಈಗ ಸರಿಯಿದೆಯಲ್ಲ" ಎಂದ.

ಗ್ಯಾರೇಜಿನ ಮಾಲೀಕರೇ, ಹೆಡ್ ಮೇಸ್ತ್ರಿಯವರೇ, ಆಗಿದ್ದು ಆಯಿತೆಂದು ಬಿಡಲು ಬರುವುದಿಲ್ಲ. ನೀವು ಆ ಮಾತನ್ನು ಆಡಿದ್ದು ನಾಲ್ವರ ಎದುರಿಗೆ, ಗಟ್ಟಿ ದನಿಯಲ್ಲಿ. ಅದನ್ನು ಅಷ್ಟೇ ಗಟ್ಟಿ ದನಿಯಲ್ಲಿ, ಸಾರಥಿಯಮ್ಮನ ಎದುರು ನಿಂತು, ಹಿಂದಕ್ಕೆ ತೆಗೆದುಕೊಳ್ಳಿ. ನಕ್ಕ ಆ ಅಪರಿಚಿತ ನಿಮ್ಮ ಗಿರಾಕಿಯಾಗಿದ್ದರೆ ಅವನನ್ನೂ ಕರೆಸಿ. ಇಂದೂ ನಿಮ್ಮ ಜಾಕುಗಳ ಮೇಲೆ ಬೇರೆಯವರ ಗಾಡಿಗಳು ತೂಗಾಡುತ್ತಿವೆ. ಅವನ್ನು ನೆಲಕ್ಕಿಳಿಸಿ ಬೋಲ್ಟು ಬಿಗಿಯಿರಿ. ಮುಂದೆ ಯಾವ ಹೆಣ್ಣುಮಗಳಾದರೂ ಕೆಟ್ಟ ಗಾಡಿಯನ್ನು ನಿಮ್ಮ ಬಾಗಿಲಿಗೆ ತಂದರೆ, ಮೊದಲು ಅದರ ಅಡಿಗೆ ಹೋಗಿ ಬೆನ್ನು ಮಣ್ಣು ಮಾಡಿಕೊಳ್ಳಿ. ಆಕೆಯ ಕೈಯ ವಿಚಾರಕ್ಕೆ ಬಾಯಿ ಹಾಕುವುದು ಅದಾದ ಮೇಲೆ.