ಅಪ್ಪ ಪಾವಟಿಗೆಯ ಮೇಲೆ ಉಂಡ ದಿನ

ನಾನು ಮಾಂಸ ಬಿಟ್ಟ ಸುದ್ದಿ ಮನೆಯವರಿಗೆ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಇಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ. ಬಾಗಲಕೋಟೆಯ ಕಾಲೇಜೊಂದರಲ್ಲಿ ಗಣಿತ ಕಲಿಸುವ ನಾನು ಅಲ್ಲಿನ ವಿದ್ಯಾಗಿರಿ ಬಡಾವಣೆಯಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ವಾರಕ್ಕೊಮ್ಮೆ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ನಮ್ಮದು ನೇಕಾರರ ಮನೆ. ಭಾನುವಾರ ಮಗ್ಗಕ್ಕೆ ರಜೆ, ಒಲೆಯ ಮೇಲೆ ಮಟನ್. ಅಪ್ಪ ಎಂದಿನಂತೆ ಸಾರಿನಲ್ಲಿ ಕೈಯಾಡಿಸಿ ಮಜ್ಜೆ ತುಂಬಿದ ಒಳ್ಳೆಯದೊಂದು ನಲ್ಲಿ ಎಲುಬು ಹುಡುಕಿ ನನ್ನ ತಾಟಿಗೆ ಹಾಕಿದ. ನಾನು ಅದನ್ನೆತ್ತಿ ಅಣ್ಣನ ತಾಟಿಗಿಟ್ಟೆ.

“ನಾ ಬಿಟ್ಟೇನಿ,” ಎಂದೆ.

“ಏನ್ ಬಿಟ್ಟಿ?” ಅಣ್ಣ ಕೇಳಿದ.

“ಖಂಡ, ತತ್ತಿ. ಹಾಲು, ಮಸರು, ತುಪ್ಪಾನೂ.”

ಅಣ್ಣ ಜೋರಾಗಿ ನಕ್ಕ. “ಲಿಂಗಾ ಯಾವಾಗ ಕಟ್ಟಿಸಿಕೊಂಡಿ?”

“ಲಿಂಗಾ ಕಟ್ಟಿದವ್ರೂ ಮಸರು ಉಣತಾರ,” ಎಂದಳು ಅವನ ಹೆಂಡತಿ, ನನ್ನ ವೈನಿ. “ಇದು ಅವರಿಗಿಂತ ಮ್ಯಾಲಿನ ಜಾತಿ ಇರಬೇಕು.”

ಅವ್ವ ನಗಲಿಲ್ಲ. “ನನ್ನ ಕೈಯಾನ ಮಜ್ಜಗಿ ಹೊಲಸಾತೇನ ನಿನಗ?” ಎಂದಳು.

ಕಾರಣ ಹೇಳಿದೆ. ನಾನು ಹಾಲು ತರುತ್ತಿದ್ದ ಮನೆಯ ಎಮ್ಮೆ ಕರು ಸತ್ತಿತ್ತು. ಅದರ ತೊಗಲಿಗೆ ಹುಲ್ಲು ತುಂಬಿ, ನಾಲ್ಕು ಕೋಲು ಚುಚ್ಚಿ, ತಾಯಿಯ ಮುಂದೆ ನಿಲ್ಲಿಸಿದ್ದರು. ಎಮ್ಮೆ ಆ ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಪಾತ್ರೆ ಹಿಡಿದು ನಿಂತಿದ್ದ ನಾನು ಖಾಲಿ ಪಾತ್ರೆಯೊಂದಿಗೇ ವಾಪಸಾಗಿದ್ದೆ. ಅಣ್ಣ ಎಲುಬು ಚೀಪುತ್ತ ಕೇಳಿಸಿಕೊಂಡ.

“ಎಮ್ಮಿ ಸಂಕಟ ಕಂಡ್ತು ನಿನಗ. ನಮ್ಮಪ್ಪ ಜಲಮೆಲ್ಲಾ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತಿದ್ದು ಕಾಣಲಿಲ್ಲ,” ಎಂದ.

ನಾನೂ ಸುಮ್ಮನಿರುವವಳಲ್ಲ. ಮುಂದಿನ ಭಾನುವಾರಗಳಲ್ಲಿ ಮಸಾಲೆ ಅರೆಯಲು ಒಲ್ಲೆ ಎಂದೆ. “ತಿನ್ನೂದು ಬ್ಯಾಡ ಅಂದ್ರ ಬ್ಯಾಡ. ಅರಿಯಾಕ ಕೈಗೇನ್ ಆಗೇತಿ?” ಎಂದು ವೈನಿ ಕೂಗಾಡಿದಳು. ಮನೆಯವರ ವಾಟ್ಸಾಪ್ ಗುಂಪಿಗೆ ಕಸಾಯಿಖಾನೆಯ ವಿಡಿಯೋ ಕಳಿಸಿದೆ, ಅದೂ ಅವರು ಅಡುಗೆಗೆ ಕೂಡುವ ಹೊತ್ತಿಗೆ ಸರಿಯಾಗಿ. ಅಣ್ಣ ನನ್ನನ್ನು ಗುಂಪಿನಿಂದ ತೆಗೆದುಹಾಕಿದ. ಊಟಕ್ಕೆ ಕುಳಿತರೆ ನನ್ನ ಪಾಲಿಗೆ ಒಣರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಅವ್ವ ಎಲ್ಲರಿಗೂ ಬಡಿಸಿ ನನ್ನ ತಾಟನ್ನು ಕೊನೆಗೆ ನೂಕುತ್ತಿದ್ದಳು.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವ್ವ ನನಗೆಂದೇ ಬದನೆಕಾಯಿ ಮಾಡಿದ್ದಳು. ನನಗೆ ನಂಬಲಿಕ್ಕೇ ಆಗಲಿಲ್ಲ. ಎರಡು ರೊಟ್ಟಿ ಮುಗಿಸಿ ಮೂರನೆಯದನ್ನು ಮುರಿಯುವಾಗ ವೈನಿ ಸೆರಗು ಬಾಯಿಗೊತ್ತಿ ನಕ್ಕಳು. ಅಣ್ಣನಿಗೆ ತಡೆಯಲಾಗಲಿಲ್ಲ.

“ಹೆಂಗೈತಿ ಪಲ್ಯ? ಮಟನ್ ಸಾರಿನಾಗ ಬೆಂದದ್ದು.”

ನಾನು ಅವ್ವನ ಮುಖ ನೋಡಿದೆ. “ಸೊರಗಿ ಕಡ್ಡಿ ಆಗೀದಿ. ಎರಡ ಸವಟು ಹಾಕೇನಿ. ಸತ್ತ ಹೋಗ್ತಿಯೇನು?” ಎಂದಳು.

ಹಿತ್ತಿಲಿಗೆ ಓಡಿ ವಾಂತಿ ಮಾಡಿದೆ. ಮುಖ ತೊಳೆದು ಒಳಗೆ ಬಂದರೆ ಅಣ್ಣ ಇನ್ನೂ ನಗುತ್ತಲೇ ಇದ್ದ. “ಇಷ್ಟೆಲ್ಲಾ ಮಾಡಾಕಿ ರೇಷ್ಮಿ ಸೆರಗು ಹೆಂಗ ಹೊದೀತಿ? ಹುಳ ಜೀವ ಅಲ್ಲೇನು?” ಎಂದ.

ಇಳಕಲ್ ಸೀರೆಗೆ ರೇಷ್ಮೆಯ ಸೆರಗೇ ಜೀವ. ನನಗೆ ನೌಕರಿ ಸಿಕ್ಕಾಗ ಅಪ್ಪ ತಾನೇ ಕುಳಿತು ನೇಯ್ದುಕೊಟ್ಟ ಸೀರೆಯನ್ನೇ ಆ ದಿನ ಉಟ್ಟಿದ್ದೆ. ಬಾಯಲ್ಲಿ ವಾಂತಿಯ ಹುಳಿ ಇನ್ನೂ ಇತ್ತು. ಅಣ್ಣನಿಗೆ ತಿರುಗೇಟು ಕೊಡಬೇಕೆಂಬುದಷ್ಟೇ ತಲೆಯಲ್ಲಿತ್ತು.

“ಇನ್ನ ಮ್ಯಾಲ ಇದನ್ನ ಮುಟ್ಟೂದಿಲ್ಲ,” ಎಂದೆ. “ಕುದಿಯೂ ನೀರಾಗ ಜೀವ ಹಾಕಿ ತಗದಿದ್ದನ್ನ ನೇದು ಹೊಟ್ಟಿ ಹೊರಕೊಳ್ಳೂದು ನಿಮಗ ಬರೋಬ್ಬರಿ ಅನಸ್ತದ. ನನಗ ಅನಸೂದಿಲ್ಲ.”

ಅಪ್ಪನ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅದರ ಮೇಲೆಯೇ ನೀರು ಸುರಿದು ಕೈ ತೊಳೆದು ಎದ್ದ. “ನಿನ್ನ ಮೈಯಾನ ರಗತ ಆ ಹುಳದ್ದ,” ಎಂದು ನನ್ನ ಕಡೆ ನೋಡದೇ ಹೇಳಿ ಹೊರಗೆ ಹೋದ.

ಆಗಲೇ ಎದ್ದು ಬಾಗಲಕೋಟೆಯ ಬಸ್ಸು ಹತ್ತಿದೆ. ಅಳು ಬರಲಿಲ್ಲ. ಅವರು ಮಾಡಿದ ಮೋಸವನ್ನೇ ಮತ್ತೆ ಮತ್ತೆ ನೆನೆದೆ, ನಾನು ಆಡಿದ ಮಾತನ್ನು ನೆನೆಯಬಾರದೆಂದು.

ಮೂರು ತಿಂಗಳು ಊರಿಗೆ ಹೋಗಲಿಲ್ಲ. ಆಮೇಲೆ ಅಪ್ಪನ ಕಣ್ಣಿಗೆ ಪೊರೆ ಬಂದು, ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಎಂದಾಯಿತು. ಅಣ್ಣ ಅವನನ್ನು ಕರೆತಂದು, ಆಪರೇಷನ್ ಮುಗಿಸಿ, ನನ್ನ ಮಾಳಿಗೆ ಮನೆಯಲ್ಲಿ ಬಿಟ್ಟ. ಮೂರು ದಿನ ಇದ್ದು ಡಾಕ್ಟರಿಗೆ ತೋರಿಸಿಕೊಂಡು ಹೋಗಬೇಕಿತ್ತು. ಅಪ್ಪ ನನ್ನೊಡನೆ ಬೇಕಾದಷ್ಟೇ ಮಾತಾಡಿದ. ಪುಂಡಿಪಲ್ಯ, ಬೇಳೆ, ಜೋಳದ ರೊಟ್ಟಿ ಮಾಡಿ ಬಡಿಸಿದೆ. “ದವಾಖಾನ್ಯಾಗೂ ಮಸರು ಕೊಡತಾರ,” ಎಂದ. ಅರ್ಧಕ್ಕೇ ತಾಟು ಸರಿಸಿದ.

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬಂದರೆ ಮನೆ ಖಾಲಿ. ಓಣಿಯ ತುದಿಯವರೆಗೆ ಓಡಿ ಹೋದೆ. ಅಪ್ಪ ಎದುರಿಗೇ ಬರುತ್ತಿದ್ದ, ಒಂದು ಕಣ್ಣಿಗೆ ಪಟ್ಟಿ, ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಖಾನಾವಳಿಯ ಪಾರ್ಸಲ್. ವಾಸನೆಯಿಂದಲೇ ಮಟನ್ ಎಂದು ತಿಳಿಯಿತು. ತೋಳು ಹಿಡಿಯಲು ಹೋದರೆ ಕೊಸರಿಕೊಂಡ. ನಾನು ಮೊದಲು ಮೇಲೆ ಹೋಗಿ ಬಾಗಿಲಲ್ಲಿ ನಿಂತೆ.

“ಅದನ್ನ ಒಳಗ ತರಬ್ಯಾಡಪ್ಪಾ,” ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಮೆಟ್ಟಿಲು ಹತ್ತುತ್ತಿದ್ದವನು ನಿಂತಲ್ಲೇ ಪಾವಟಿಗೆಯ ಮೇಲೆ ಕುಳಿತು, ತೊಡೆಯ ಮೇಲೆ ಪೇಪರು ಹಾಸಿ ಪಾರ್ಸಲ್ ಬಿಚ್ಚಿದ. ಕೆಳಗೆ ಬಟ್ಟೆ ಒಣಗಿಸುತ್ತಿದ್ದ ಮನೆಯೊಡತಿ ತಲೆಯೆತ್ತಿದರು.

“ಯಾಕ್ರೀ ಯಜಮಾನ್ರ, ಹೊರಗ ಕುಂತೀರಿ?”

“ನಮ್ಮ ಮಗಳು ಮಡ್ಯಾಗದಾಳ್ರೀ,” ಎಂದ ಅಪ್ಪ, ದೊಡ್ಡ ದನಿಯಲ್ಲಿ.

ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಪಕ್ಕದಲ್ಲಿಟ್ಟೆ. ಒಂದೇ ಕಣ್ಣಿನಲ್ಲಿ ಅಂದಾಜು ಸಿಗದೆ ಸಾರು ಅಂಗಿಯ ಮೇಲೆ ಚೆಲ್ಲುತ್ತಿತ್ತು. ಒರೆಸಲು ಬಗ್ಗಿದರೆ ಕೈ ತಳ್ಳಿದ.

“ಬಾಗಲಾ ಹಾಕ್ಕೋ. ನಾತ ಬಡೀತೈತಿ ನಿನಗ.”

ಬಾಗಿಲು ಹಾಕಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ. ಅವನು ಉಂಡು ಮುಗಿಸುವವರೆಗೆ ಅಲ್ಲೇ ನಿಂತಿದ್ದೆ. ಒಂದು ಮಾತು, ‘ಇರಲಿ, ಒಳಗ ಬಾ’ ಎಂಬ ಮಾತು, ನಾಲಿಗೆಯ ತುದಿಗೆ ಬಂದಿತ್ತು. ಅದನ್ನಾಡಿದರೆ ಅಣ್ಣ ಗೆದ್ದಂತೆ ಎಂದು ನುಂಗಿದೆ.

ಅಪ್ಪ ಊರಿಗೆ ಹೋದ ಮರುದಿನ ಅವ್ವನ ಫೋನು ಬಂತು. “ಪಟ್ಟಿ ಕಟ್ಟಿದ ಕಣ್ಣಾಂವನ್ನ ಪಾವಟಿಗಿ ಮ್ಯಾಲ ಕುಂಡ್ರಿಸಿ ಉಣಿಸಿದ್ಯಂತ. ಖರೆ ಏನು?”

“ಖರೆ,” ಎಂದೆ. ಅವ್ವ ಫೋನಿಟ್ಟಳು.

ಈಗ ಊರಿಗೆ ಹೋಗುತ್ತೇನೆ, ಆದರೆ ಮೂರು ಗಂಟೆಯ ಮೇಲೆ ಮುಟ್ಟುವ ಬಸ್ಸಿಗೆ, ಅವರ ಊಟವಾಗಿ ತಾಟು ತೊಳೆದಿಟ್ಟ ಹೊತ್ತಿಗೆ. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. “ಉಂಡು ಬಂದಿಯೇನು?” ಎಂದು ಅವ್ವ ಕೇಳುತ್ತಾಳೆ. ಹೂಂ ಎನ್ನುತ್ತೇನೆ. ಬಹಳ ಸಲ ಅದು ಸುಳ್ಳು. ಅವಳು ಮತ್ತೊಮ್ಮೆ ಕೇಳುವುದಿಲ್ಲ.