ಕೆಂಪು ದಾರ, ಕೆಂಪು ಅಕ್ಷರ

ನಮ್ಮ ಭತ್ತದ ಬೀಜದ ಘಟಕದಲ್ಲಿ ಒಂದು ಪದ್ಧತಿ ಇದೆ. ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತೇವೆ. ಕಡಿಮೆ ಬಂದರೆ ಇನ್ನೊಂದು ಸಲ ಇಡುತ್ತೇವೆ. ಆಗಲೂ ಬರದಿದ್ದರೆ ಆ ಚೀಲದ ಬಾಯಿಗೆ ಕೆಂಪು ದಾರ. ಕಟ್ಟುವವಳು ನಾನು. ಕಟ್ಟಿದೆನೆಂದರೆ ಮುಗಿಯಿತು, ಸಾಹುಕಾರರೇ ಬಂದು ಹೇಳಿದರೂ ಆ ಚೀಲ ಮತ್ತೆ ಗೋದಾಮಿನೊಳಗೆ ಹೋಗುವುದಿಲ್ಲ. ಹದಿನೆಂಟು ವರ್ಷದಿಂದ ಬಳ್ಳಾರಿಯಲ್ಲಿ ಬಸ್ಸು ಹತ್ತಿ ಸಿರುಗುಪ್ಪದಲ್ಲಿಳಿದು ಇದನ್ನೇ ಮಾಡುತ್ತಿದ್ದೇನೆ. ಕೆಂಪು ಕಂಡರೆ ನನಗೆ ಒಂದೇ ಅರ್ಥ.

ಹೋದ ವರ್ಷ ಕಂಪ್ಯೂಟರ್ ಕೆಲಸಕ್ಕೆ ಕುರುಗೋಡಿನ ಹುಡುಗಿಯೊಬ್ಬಳು ಬಂದಳು. ಮೂರು ತಿಂಗಳು ನೋಡುವುದು, ಚೆನ್ನಾಗಿ ಮಾಡಿದರೆ ಕಾಯಂ ಎಂದು ಸಾಹುಕಾರರು ಹೇಳಿದ್ದರು. ಮೊದಲ ದಿನ ನನ್ನ ಜೊತೆ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ, "ಇದೊಂದು ಕಾಯಂ ಆದ್ರ ನಮ್ ತಂಗೀದು ನರ್ಸಿಂಗ್ ಓದು ಮುಗೀತೈತ್ರೀ ಅಕ್ಕಾರ" ಎಂದಳು. ನಾನು ಅವಳಿಗೆ ಕೆಂಪು ದಾರದ ಪದ್ಧತಿ ಹೇಳಿಕೊಟ್ಟೆ. "ಒಮ್ಮಿ ಕಟ್ಟಿದ ಮ್ಯಾಲ ಒಳಗ ಬರಂಗಿಲ್ಲ, ನೆನಪಿಟ್ಕೋ" ಎಂದೆ.

ನಮ್ಮ ಹಳೇ ಕಂಪ್ಯೂಟರ್ ತುಂಬಿಹೋಗಿ ತೆವಳುತ್ತಿತ್ತು. ಅವಳು ಅದಕ್ಕೆ ಬೇರೇನೋ ಹಾಕಿದಳು. ಟರ್ಮಿನಲ್ ಅಂತೆ, ಕರಿಯ ಕಿಟಕಿಯೊಂದು. ಮೌಸ್ ಮುಟ್ಟದೆ ಅದರಲ್ಲಿ ಬರೀ ಅಕ್ಷರ ಹೊಡೆದೇ ಕೆಲಸ ಮಾಡುತ್ತಿದ್ದಳು. ಹಸಿರು, ನೀಲಿ, ಬಿಳಿ ಅಕ್ಷರಗಳು ಸರಸರ ಇಳಿಯುತ್ತಿದ್ದವು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ನೆಟ್ಟಗಿನ ಕೆಲಸಕ್ಕೆ ಇಷ್ಟು ಕತ್ತಲೆ ಯಾಕೆ ಬೇಕು?

ಒಂದು ಮಧ್ಯಾಹ್ನ ಅವಳು ನೀರು ಕುಡಿಯಲು ಎದ್ದಾಗ ಬಗ್ಗಿ ನೋಡಿದೆ. ಫೈಲುಗಳ ಪಟ್ಟಿ ಇತ್ತು. ಈ ವರ್ಷದ ಪರೀಕ್ಷೆಗಳ ಹೆಸರು ಬಿಳಿ. ಹಿಂದಿನ ವರ್ಷಗಳವು, ನಾನು ಕಣ್ಣು ಕೀಲಿಸಿ ಮೊಳಕೆ ಎಣಿಸಿದವು, ಒಂದೂ ಬಿಡದೆ ಕೆಂಪು! ಅಯ್ಯೋ ಶಿವನೇ, ಈ ಹುಡುಗಿ ನನ್ನ ಹದಿನೆಂಟು ವರ್ಷಕ್ಕೇ ದಾರ ಕಟ್ಟಿದಳಲ್ಲ ಎಂದುಕೊಂಡೆ.

ಅಂದಿನಿಂದ ಅವಳ ಮೇಲೆ ಕಣ್ಣಿಟ್ಟೆ. ನಾನು ಒಳಗೆ ಕಾಲಿಟ್ಟರೆ ಸಾಕು, ಪಟ್ಟನೆ ಆ ಕಿಟಕಿ ಮುಚ್ಚುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಫೋನಿನಲ್ಲಿ ನಕ್ಕರೂ ನನ್ನ ವಿಷಯವೇ ಇರಬೇಕು ಅನ್ನಿಸುತ್ತಿತ್ತು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮೊನ್ನೆ ಬಂದವಳ ಮುಂದೆ ನನಗೆ ತಿಳಿಯದು ಎನ್ನುವುದೇ?

ಸೀದಾ ಸಾಹುಕಾರರ ಹತ್ತಿರ ಹೋದೆ. "ಹಳೇವೆಲ್ಲಾ ಕೆಡಿಸ್ಯಾಳ್ರೀ. ಕೆಂಪು ಬಂದೈತಿ, ಕಣ್ಣಾರೆ ಕಂಡೀನಿ" ಎಂದೆ. ಅವರು ಅವಳನ್ನು ಒಂದು ಮಾತೂ ವಿಚಾರಿಸಲಿಲ್ಲ. "ಮೇಡಂ, ನೀವು ಕೆಂಪು ಅಂದ್ರ ಕೆಂಪು" ಎಂದರು. ಶನಿವಾರ ಅವಳು ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಳು. ನನಗೆ ಸಮಾಧಾನವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದೂವರೆ ತಿಂಗಳ ಮೇಲೆ ಹಚ್ಚೊಳ್ಳಿಯ ರೈತರೊಬ್ಬರು ಹಿಂದಿನ ವರ್ಷ ಒಯ್ದ ಬೀಜದ ಪರೀಕ್ಷೆಯ ಕಾಗದ ಕೇಳಿಕೊಂಡು ಬಂದರು. ಕೆಟ್ಟದ್ದನ್ನು ಸರಿ ಮಾಡಲೆಂದು ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆವು. ಅವನು ಪಟ್ಟಿ ನೋಡಿ ನಕ್ಕುಬಿಟ್ಟ. "ಏನೂ ಕೆಟ್ಟಿಲ್ರೀ. ಜಾಗ ಉಳೀಲಿ ಅಂತ ಹಳೇ ಫೈಲ್ ಒತ್ತಿ ಗಂಟು ಕಟ್ಟಿಟ್ಟಾರ. ಅಂಥವನ್ನ ಇದು ತಾನಾ ಕೆಂಪಗ ತೋರಸ್ತೈತಿ." ಒಂದನ್ನು ಬಿಚ್ಚಿ ತೋರಿಸಿದ. ತೊಂಬತ್ತೊಂದು, ಎಂಬತ್ತೆಂಟು, ತೊಂಬತ್ತಾರು, ನನ್ನ ಎಣಿಕೆಯೆಲ್ಲ ಇದ್ದ ಹಾಗೆಯೇ ಇತ್ತು.

ಸಾಹುಕಾರರು ನನ್ನ ಮುಖ ನೋಡಿದರು. "ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತಾರ. ನಿಮಗ ಕೆಂಪು ಕಂಡಿತೇನ್ರೀ ಮೇಡಂ? ಹೋಗಿ ಕರಕೊಂಡು ಬರ್ರಿ." ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಕುರುಗೋಡಿಗೆ ಹೋದೆ. ಅವಳೇ ಬಾಗಿಲು ತೆಗೆದು "ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದಳು. ಈಗ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸವಂತೆ. "ನಾ ಬಂದ ಕೂಡ್ಲೇ ಆ ಕಿಟಕಿ ಯಾಕ ಮುಚ್ಚತಿದ್ದಿ ಯವ್ವಾ?" ಎಂದು ಕೊನೆಗೂ ಕೇಳಿದೆ.

"ನೀವಾ ಅಂದಿದ್ರಲ್ರೀ, ಅದನ್ನ ನನ್ ಮುಂದ ತೆಗೀಬ್ಯಾಡ, ಕಣ್ಣು ಕುಕ್ಕತೈತಿ ಅಂತ."

ಅಂದಿದ್ದೆ. ಅವಳು ಬಂದ ಮೊದಲ ವಾರವೇ ಅಂದಿದ್ದೆ, ಮರೆತಿದ್ದೆ.

ಅಷ್ಟರಲ್ಲಿ ಒಳಗಿನಿಂದ ಚಹಾ ತಂದಿಟ್ಟವಳು ಅವಳ ತಂಗಿ. ಬೆಳಗಿನ ಹನ್ನೊಂದು ಗಂಟೆ, ಕಾಲೇಜಿನ ದಿನ. "ಕ್ಲಾಸಿಗೆ ಹೋಗಿಲ್ಲೇನವ್ವಾ?" ಎಂದೆ. ಹುಡುಗಿ ಅಕ್ಕನ ಮುಖ ನೋಡಿ ಒಳಗೆ ಹೋದಳು. "ಬಿಡಿಸೀನ್ರೀ" ಎಂದಳು ಅಕ್ಕ.

ಲೋಟ ಕೆಳಗಿಟ್ಟೆ. "ತಪ್ಪು ನಂದವ್ವಾ. ವಾಪಸ್ ಬಾ, ಸಾಹುಕಾರ್ರು ಕಾಯಂ ಮಾಡ್ತಾರ" ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ಕೆಂಪು ದಾರ ಕಟ್ಟಿದ ಚೀಲ ಒಳಗ ಬರಂಗಿಲ್ಲ ಅಂದೋರು ನೀವಲ್ರೀ ಅಕ್ಕಾರ. ಚಹಾ ಆರತೈತಿ, ಕುಡೀರಿ."

ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಭತ್ತದ ಕಾಳನ್ನಾದರೂ ನಾನು ಎರಡು ಸಲ ಪರೀಕ್ಷೆ ಮಾಡುತ್ತೇನೆ. ಅವಳನ್ನು ಒಂದು ಸಲವೂ ಕೇಳಿರಲಿಲ್ಲ.